ನ್ಯಾಯಮೂರ್ತಿ ಸಂತ ಥಾಮಸ್ ಮೋರ್

ಧರ್ಮಸಭೆಯ ಪೂಜಾವಿಧಿಯ ಪಂಚಾಂಗದಲ್ಲಿ ಜೂನ್ ೨೨ನೆಯ ದಿನವು ಇಬ್ಬರು ಆಂಗ್ಲ ರಕ್ತಸಾಕ್ಷಿಗಳ ಸ್ಮರಣೆಗೆ ಮೀಸಲಾಗಿದೆ. ಒಬ್ಬರು ರೋಚೆಸ್ಟರಿನ ಧರ್ಮಾಧ್ಯಕ್ಷರಾಗಿದ್ದ ಸಂತ ಜಾನ್ ಫಿಷರ್, ಮತ್ತೊಬ್ಬರು ಸಂತ ಥಾಮಸ್ ಮೋರ್. ಫಿಷರರು ಗುರುಪಟ್ಟವನ್ನು ಪಡೆದವರು. ಮೋರರಾದರೋ ಎರಡು ಬಾರಿ ವಿವಾಹವಾಗಿ, ನಾಲ್ವರು ಮಕ್ಕಳನ್ನು ಸಾಕಿ ಸಲಹಿ, ವಕೀಲಿ ವೃತ್ತಿಯಿಂದ ಜೀವನ ನಡೆಸಿ, ನ್ಯಾಯಾಧೀಶರಾಗಿ ಕೀರ್ತಿ ಪಡೆದ ಗೃಹಸ್ಥರು. ದೇವಾಲಯದ ಶತಮಾನೋತ್ಸವದ ಸಂಚಿಕೆಯಲ್ಲಿ ಗುರುವರ್ಯರ ಮತ್ತು ಕನ್ಯಾಸ್ತ್ರೀಯರ ಸೇವೆಯನ್ನು ನೆನೆಯುವ ಪುಟಗಳು ಅನೇಕವಿರುವುದು ಸಹಜವೇ. ಕಚೇರಿ, ಕೋರ್ಟು, ಅಂಗಡಿ, ಹೊಲಗಳಲ್ಲಿ ದುಡಿದು ಭಾನುವಾರ ಬಲಿಪೂಜೆಗೆ ಬಂದು ಮೊಣಕಾಲೂರುವ ನಮ್ಮಂಥವರ ಪಂಕ್ತಿಗೆ ಸೇರಿದ ಒಬ್ಬ ಸಂತನ ಚರಿತ್ರೆಗೂ ಇಲ್ಲಿ ಸ್ಥಳವಿರಬೇಕೆಂದು ನಾವು ಬಗೆದೆವು. ಮೋರರ ಮರಣವನ್ನು ಕುರಿತು ಎಲ್ಲರೂ ಕೇಳಿದ್ದಾರೆ. ನ್ಯಾಯಪೀಠದಲ್ಲಿ ಕುಳಿತ ಮೋರರನ್ನೂ, ಆ ಪೀಠವನ್ನು ಬಿಟ್ಟಿಳಿದ ಮೇಲೆ ಅವರು ಬಾಳಿದ ಬಗೆಯನ್ನೂ ಬಲ್ಲವರು ವಿರಳ. ಆದುದರಿಂದ ಆ ಭಾಗವನ್ನೇ ನಾವು ಇಲ್ಲಿ ವಿಸ್ತರಿಸಿ ಹೇಳುತ್ತೇವೆ.

ಮೋರರು ಲಂಡನ್ ನಗರದ ಮಿಲ್ಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ ೧೪೭೮ರ ಫೆಬ್ರವರಿಯಲ್ಲಿ ಜನಿಸಿದರು. ತಂದೆ ಜಾನ್ ಮೋರ್ ವಕೀಲರಾಗಿದ್ದು ಮುಂದೆ ಅರಸನ ನ್ಯಾಯಪೀಠದ ನ್ಯಾಯಾಧೀಶರಾದವರು. ಬಾಲಕನು ಹನ್ನೆರಡರ ಸುಮಾರಿಗೆ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಜಾನ್ ಮಾರ್ಟನರ ಅರಮನೆಯಲ್ಲಿ ಊಳಿಗದ ಹುಡುಗನಾಗಿ ಸೇರಿದನು. ಊಟದ ಮೇಜಿನ ಬಳಿ ನಿಂತು ಬಡಿಸುತ್ತಿದ್ದ ಆ ಹುಡುಗನ ಚುರುಕುಬುದ್ಧಿಯನ್ನು ಕಂಡು ಮಾರ್ಟನರು, ಇವನು ಮುಂದೆ ಅದ್ಭುತ ವ್ಯಕ್ತಿಯಾಗುವನೆಂದು ಅತಿಥಿಗಳ ಮುಂದೆ ನುಡಿಯುತ್ತಿದ್ದರಂತೆ. ಬಳಿಕ ಆಕ್ಸ್‌ಫರ್ಡಿನಲ್ಲಿ ಎರಡು ವರ್ಷಗಳ ವಿದ್ಯಾಭ್ಯಾಸ. ಅನಂತರ ತಂದೆಯ ಇಚ್ಛೆಯಂತೆ ಕಾನೂನಿನ ವ್ಯಾಸಂಗ. ೧೪೯೬ರಲ್ಲಿ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆಗೆ ಅವರ ಪ್ರವೇಶವಾಯಿತು.

ತರುಣ ಮೋರರ ಮನಸ್ಸು ಮಾತ್ರ ಎರಡು ಕಡೆಗೆ ತುಯ್ಯುತ್ತಿತ್ತು. ಸುಮಾರು ನಾಲ್ಕು ವರ್ಷಗಳ ಕಾಲ ಅವರು ಲಂಡನ್ನಿನ ಕಾರ್ಥೂಸಿಯನ್ ಮಠದ ಸನ್ಯಾಸಿಗಳ ಪ್ರಾರ್ಥನೆಗಳಲ್ಲಿಯೂ ಉಪವಾಸಗಳಲ್ಲಿಯೂ ಪಾಲ್ಗೊಂಡು, ತಮಗೆ ದೇವಕರೆ ಯಾವುದೆಂದು ಪರೀಕ್ಷಿಸಿಕೊಂಡರು. ಕೊನೆಗೆ ಸಂಸಾರಜೀವನವನ್ನೇ ಆರಿಸಿಕೊಂಡು ೧೫೦೫ರಲ್ಲಿ ಜೇನ್ ಕೋಲ್ಟ್ ಎಂಬಾಕೆಯನ್ನು ವರಿಸಿದರು. ಆಕೆ ೧೫೧೧ರಲ್ಲಿ ತೀರಿಕೊಂಡಾಗ ಚಿಕ್ಕ ಮಕ್ಕಳಿಗೆ ತಾಯಿ ಬೇಕಾಗಿ, ಆಲಿಸ್ ಮಿಡಲ್ಟನ್ ಎಂಬ ವಿಧವೆಯನ್ನು ವಿವಾಹವಾದರು. ಮಠವನ್ನು ಬಿಟ್ಟರೂ ಮಠದ ಒಂದು ಕುರುಹನ್ನು ಅವರು ಬಿಡಲಿಲ್ಲ. ಒರಟಾದ ರೋಮದ ಅಂಗಿಯೊಂದನ್ನು ಬಟ್ಟೆಯೊಳಗೆ ಗುಟ್ಟಾಗಿ ಧರಿಸುತ್ತಿದ್ದರು. ಅದನ್ನು ಒಗೆಯುತ್ತಿದ್ದವಳು ಹಿರಿಯ ಮಗಳು ಮಾರ್ಗರೆಟ್.

೧೫೧೦ರಲ್ಲಿ ಮೋರರು ಲಂಡನ್ ನಗರದ ಅಂಡರ್‌ಷೆರಿಫ್ ಎಂಬ ಹುದ್ದೆಗೆ ನೇಮಕಗೊಂಡರು. ಷೆರಿಫರು ವ್ಯಾಪಾರಸ್ಥರು, ಕಾನೂನನ್ನು ಬಲ್ಲವರಲ್ಲ. ಆದ್ದರಿಂದ ಅವರ ನ್ಯಾಯಾಲಯದಲ್ಲಿ ಮೊಕದ್ದಮೆಗಳನ್ನು ಕೇಳಿ ತೀರ್ಪು ನೀಡುವ ಭಾರವೆಲ್ಲ ಅಂಡರ್‌ಷೆರಿಫರದಾಗಿತ್ತು. ಸಾಲ, ಬಾಡಿಗೆ, ಜಗಳ, ಹೊಡೆದಾಟಗಳು ಬರುವ ಸಾಮಾನ್ಯ ವಿಚಾರಣಾ ನ್ಯಾಯಾಲಯವದು. ಗುರುವಾರ ಮುಂಜಾನೆ ಮಾತ್ರ ಅಲ್ಲಿ ಕಲಾಪ. ಇಷ್ಟೊಂದು ಮೊಕದ್ದಮೆಗಳನ್ನು ಇಷ್ಟು ಪ್ರಾಮಾಣಿಕವಾಗಿ ಇತ್ಯರ್ಥಪಡಿಸಿದವರು ಬೇರೆ ಯಾರೂ ಇರಲಿಲ್ಲವೆಂದೂ, ಕಕ್ಷಿದಾರರು ತೆರಬೇಕಾದ ಶುಲ್ಕವನ್ನು ಮೋರರು ಎಷ್ಟೋ ಬಾರಿ ಬಿಟ್ಟುಕೊಡುತ್ತಿದ್ದರೆಂದೂ ಅವರ ಆಪ್ತಮಿತ್ರರಾದ ವಿದ್ವಾಂಸ ಎರಾಸ್ಮಸರು ೧೫೧೯ರ ಪತ್ರವೊಂದರಲ್ಲಿ ಬರೆದಿದ್ದಾರೆ. ೧೫೧೭ರ ಮೇ ಒಂದರ ಹಿಂದಿನ ರಾತ್ರಿ ಲಂಡನ್ನಿನ ಕೆಲಸಗಾರ ತರುಣರು ವಿದೇಶೀಯರ ಮನೆಗಳ ಮೇಲೆ ದಂಗೆಯೆದ್ದಾಗ, ಬೀದಿಗಿಳಿದು ಆ ಗುಂಪಿನೆದುರು ನಿಂತು ಸಮಾಧಾನ ಹೇಳಿದವರು ಈ ನ್ಯಾಯಾಧೀಶರೇ. ಜನ ಇನ್ನೇನು ಶಾಂತರಾಗುವರೆನ್ನುವಾಗ ಮನೆಗಳ ಒಳಗಿನಿಂದ ಕಲ್ಲುಗಳು ಬಿದ್ದು ಗಲಭೆ ಮತ್ತೆ ಹೊತ್ತಿಕೊಂಡಿತು.

ಈ ಹುದ್ದೆಯಲ್ಲಿದ್ದಾಗಲೇ, ೧೫೧೬ರಲ್ಲಿ, ಅವರ ‘ಯುಟೋಪಿಯ’ ಗ್ರಂಥ ಲೂವೆನ್ ನಗರದಲ್ಲಿ ಅಚ್ಚಾಯಿತು. ಅದರ ಕಥಾನಾಯಕನಾದ ನಾವಿಕನು ಲೋಕವನ್ನೆಲ್ಲ ಸುತ್ತಿ ಸಿಂಹಳದ ಮೂಲಕ ನಮ್ಮ ಪಶ್ಚಿಮ ತೀರದ ಕಲ್ಲಿಕೋಟೆಗೆ ಬಂದು, ಅಲ್ಲಿ ಪೋರ್ಚುಗೀಸರ ಹಡಗು ಹತ್ತಿ ಊರಿಗೆ ಮರಳುತ್ತಾನೆಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾದೀತು. ಆದರೆ ನ್ಯಾಯಾಧೀಶರ ಅನುಭವ ಕಾಣುವುದು ಮೊದಲ ಭಾಗದಲ್ಲಿ. ಕಳ್ಳತನಕ್ಕೆ ನೇಣು ವಿಧಿಸುತ್ತಿದ್ದ ಅಂದಿನ ಕಾನೂನನ್ನು ಮೋರರು ಅಲ್ಲಿ ಚರ್ಚೆಗಿಡುತ್ತಾರೆ. ಹೊಲಗಳಿಗೆ ಬೇಲಿ ಹಾಕಿ ಕುರಿ ಮೇಯಿಸುವ ಸಿರಿವಂತರು ರೈತರನ್ನು ಒಕ್ಕಲೆಬ್ಬಿಸುತ್ತಾರೆ. ಅನ್ನಕ್ಕೆ ದಾರಿಯಿಲ್ಲದವನು ಕದಿಯುತ್ತಾನೆ. ಮೊದಲು ಕಳ್ಳರನ್ನು ಮಾಡಿ ಆಮೇಲೆ ಶಿಕ್ಷಿಸುವುದು ಯಾವ ನ್ಯಾಯವೆಂದು ಅಲ್ಲಿನ ವಾದ. ಆ ಸಂವಾದ ನಡೆಯುವುದು ಮೋರರು ಬಾಲ್ಯದಲ್ಲಿ ಬಡಿಸುತ್ತಿದ್ದ ಮಾರ್ಟನರ ಊಟದ ಮೇಜಿನಲ್ಲಿಯೇ.

೧೫೧೮ರಲ್ಲಿ ಮೋರರು ನಗರದ ಹುದ್ದೆಯನ್ನು ಬಿಟ್ಟು ಅರಸ ಎಂಟನೆಯ ಹೆನ್ರಿಯ ಸೇವೆಗೆ ಸಂಪೂರ್ಣವಾಗಿ ಸೇರಿದರು. ಮುಂದಿನ ಪದವಿಗಳನ್ನು ಬೇಗನೆ ಹೇಳಿ ಮುಗಿಸಬಹುದು: ೧೫೨೧ರಲ್ಲಿ ಸರ್ ಪದವಿ, ೧೫೨೩ರಲ್ಲಿ ಪಾರ್ಲಿಮೆಂಟಿನ ಕೆಳಮನೆಯ ಸ್ಪೀಕರ್, ೧೫೨೫ರಲ್ಲಿ ಲ್ಯಾಂಕಾಸ್ಟರ್ ಪ್ರಾಂತದ ಚಾನ್ಸಲರ್. ಈ ನಡುವೆ ಥೇಮ್ಸ್ ನದಿಯ ದಡದ ಚೆಲ್ಸಿಯ ಗ್ರಾಮದಲ್ಲಿ ದೊಡ್ಡ ಮನೆ ಕಟ್ಟಿಸಿದರು. ೧೫೨೯ರಲ್ಲಿ ಅಲ್ಲಿನ ಅವರ ಕಣಜಗಳು ಬೆಂಕಿಗೆ ಆಹುತಿಯಾದ ಸುದ್ದಿ ಬಂದಾಗ, ದೂರದ ಊರಿನಿಂದ ಪತ್ನಿಗೆ ಬರೆದ ಪತ್ರ ಉಳಿದು ಬಂದಿದೆ. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡರೆಂದು ಸಮಾಧಾನ ಹೇಳಿ, ನಮ್ಮ ಮನೆಯ ಬೆಂಕಿಯಿಂದ ನೆರೆಯವರಿಗೆ ಏನು ನಷ್ಟವಾಯಿತೆಂದು ವಿಚಾರಿಸಿ ತುಂಬಿಕೊಡಬೇಕೆಂದೂ, ಬೇರೆ ಕೆಲಸ ದೊರೆಯುವ ತನಕ ಯಾವ ಆಳನ್ನೂ ಹೊರಗೆ ಕಳುಹಿಸಬಾರದೆಂದೂ ಅವರು ಆಕೆಗೆ ತಿಳಿಸಿದ್ದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ಡಿನಲ್ ವೂಲ್ಸಿ ಪದಚ್ಯುತರಾದರು. ಮೋರರು ಲಾರ್ಡ್ ಚಾನ್ಸಲರ್ ಆದರು. ಅರಸನ ಮಹಾಮುದ್ರೆಯನ್ನು ಕೈಯಲ್ಲಿಟ್ಟುಕೊಳ್ಳುವ ಈ ಪದವಿಯೊಡನೆ ಚಾನ್ಸರಿ ನ್ಯಾಯಾಲಯದ ಅಧಿಪತ್ಯವೂ ಸೇರಿತ್ತು. ಇಂಗ್ಲೆಂಡಿನ ಸಾಮಾನ್ಯ ಕಾನೂನು ಬಿಗಿಯಾದದ್ದು. ಕಾಗದದ ಅಕ್ಷರಕ್ಕೆ ಅಂಟಿಕೊಂಡು, ಸಾಲ ತೀರಿಸಿಯೂ ಪತ್ರವನ್ನು ಹಿಂದಕ್ಕೆ ಪಡೆಯದವನಿಂದ ಮತ್ತೊಮ್ಮೆ ಸಾಲ ವಸೂಲು ಮಾಡಿಸುವಂಥದು. ಅಂಥ ಅನ್ಯಾಯಕ್ಕೆ ಸಿಲುಕಿದವರು ಚಾನ್ಸಲರರ ಮೊರೆಹೊಕ್ಕರೆ, ಅವರು ಧರ್ಮಬುದ್ಧಿಯನ್ನು ಅನುಸರಿಸಿ ಎದುರಾಳಿಗೆ ತಡೆಯಾಜ್ಞೆ ಹೊರಡಿಸಬಹುದಾಗಿತ್ತು. ನಮ್ಮ ಇಂದಿನ ಸಿವಿಲ್ ನ್ಯಾಯಾಲಯಗಳಲ್ಲಿ ನಿತ್ಯ ಕೇಳಿಬರುವ ತಡೆಯಾಜ್ಞೆಯ ಮೂಲ ಅಲ್ಲಿಯೇ ಇದೆ.

ಮೋರರ ತಡೆಯಾಜ್ಞೆಗಳ ವಿಷಯದಲ್ಲಿ ಉಳಿದ ನ್ಯಾಯಾಧೀಶರಿಗೆ ಅಸಮಾಧಾನವಿತ್ತು. ಅದು ಕಿವಿಗೆ ಬಿದ್ದೊಡನೆ ಮೋರರು ತಾವು ಹೊರಡಿಸಿದ ಆಜ್ಞೆಗಳ ಪಟ್ಟಿಯನ್ನು ಕಾರಣ ಸಹಿತ ಬರೆಯಿಸಿ, ಆ ನ್ಯಾಯಾಧೀಶರೆಲ್ಲರನ್ನೂ ಊಟಕ್ಕೆ ಕರೆದರು. ಊಟವಾದ ಮೇಲೆ ಒಂದೊಂದನ್ನೇ ಎತ್ತಿ ವಿವರಿಸಿದರು. ಆ ಸ್ಥಳದಲ್ಲಿದ್ದರೆ ತಾವೂ ಹಾಗೆಯೇ ಮಾಡುತ್ತಿದ್ದೆವೆಂದು ಅವರೆಲ್ಲ ಒಪ್ಪಬೇಕಾಯಿತು. ಹಾಗಾದರೆ ಕಾನೂನಿನ ಕಾಠಿಣ್ಯವನ್ನು ತಮ್ಮ ತಮ್ಮ ನ್ಯಾಯಾಲಯಗಳಲ್ಲಿ ತಾವೇ ವಿವೇಕದಿಂದ ಸಡಿಲಿಸಬೇಕು, ಆಗ ತಾನು ಒಂದು ಆಜ್ಞೆಯನ್ನೂ ಹೊರಡಿಸುವುದಿಲ್ಲವೆಂದು ಮೋರರು ಕೇಳಿಕೊಂಡರು. ಅದಕ್ಕೆ ಅವರು ಸಿದ್ಧರಿರಲಿಲ್ಲ. ನಿರ್ಣಯದ ಭಾರವನ್ನು ಜ್ಯೂರಿಯ ಹೆಗಲಿಗೆ ದಾಟಿಸಿ ತಾವು ನಿರಾಳವಾಗಿರುವುದು ಅವರಿಗೆ ಹಿತವೆಂದು ಮೋರರು ಅಳಿಯ ವಿಲಿಯಂ ರೋಪರರಿಗೆ ಆಮೇಲೆ ಹೇಳಿದರಂತೆ. ಮಾರ್ಗರೆಟಳ ಗಂಡನಾದ ಈ ರೋಪರರು ಹದಿನಾರು ವರ್ಷ ಅದೇ ಮನೆಯಲ್ಲಿ ಬಾಳಿ, ಮುಂದೆ ಮಾವನ ಜೀವನಚರಿತ್ರೆಯನ್ನು ಬರೆದವರು. ನಾವು ಇಲ್ಲಿ ಹೇಳುವ ಅನೇಕ ಪ್ರಸಂಗಗಳು ಅವರ ಕೃಪೆ.

ಮಧ್ಯಾಹ್ನದ ಹೊತ್ತು ಚೆಲ್ಸಿಯದ ಮನೆಯ ತೆರೆದ ಹಜಾರದಲ್ಲಿ ಮೋರರು ಕುಳಿತಿರುತ್ತಿದ್ದರು. ಯಾರು ಬೇಕಾದರೂ ಬಂದು ದೂರು ಹೇಳಿಕೊಳ್ಳಬಹುದಾಗಿತ್ತು. ಪ್ರತಿಯೊಂದು ಅರ್ಜಿಯನ್ನೂ ತಾವೇ ಓದಿ, ತಕ್ಕ ಕಾರಣ ಕಂಡರೆ ಮಾತ್ರ ಎದುರಾಳಿಗೆ ಸಮನ್ಸು ಕಳುಹಿಸುತ್ತಿದ್ದರು. ವೂಲ್ಸಿಯವರ ಕಾಲದಲ್ಲಿ ಬಾಗಿಲು ಕಾಯುವವರೂ ಹಣ ಮಾಡಿಕೊಂಡರು, ನಿಮ್ಮ ಮಗಳನ್ನು ಮದುವೆಯಾದ ನನಗೆ ಬಿಡಿಗಾಸೂ ಇಲ್ಲವೆಂದು ಇನ್ನೊಬ್ಬ ಅಳಿಯ ಡಾನ್ಸಿ ಅರ್ಧ ವಿನೋದವಾಗಿ ಗೊಣಗಿದಾಗ, ಒಂದು ಕಡೆ ತನ್ನ ತಂದೆಯೂ ಇನ್ನೊಂದು ಕಡೆ ಸೈತಾನನೂ ನಿಂತು, ಸೈತಾನನ ಪಕ್ಷದಲ್ಲಿ ನ್ಯಾಯವಿದ್ದರೆ ಸೈತಾನನಿಗೇ ಅದು ಸಲ್ಲಬೇಕೆಂದು ಮೋರರು ಉತ್ತರಿಸಿದರು. ಇದು ಬರಿಯ ಮಾತಾಗಿರಲಿಲ್ಲ. ಮೂರನೆಯ ಅಳಿಯ ಹೆರನ್ ಮಾವನ ನ್ಯಾಯಾಲಯವೆಂಬ ಧೈರ್ಯದಿಂದ ರಾಜಿಗೆ ಒಪ್ಪದೆ ಕುಳಿತಾಗ, ತೀರ್ಪು ನೇರವಾಗಿ ಅವನ ವಿರುದ್ಧ ಬಂದಿತು. ಆ ತಂದೆಯ ವಿಷಯದಲ್ಲಾದರೋ ಮೋರರ ಭಕ್ತಿ ದೊಡ್ಡದು. ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ತಮ್ಮ ಪೀಠಕ್ಕೆ ಹೋಗುವಾಗ, ವೃದ್ಧ ತಂದೆ ಅರಸನ ನ್ಯಾಯಪೀಠದಲ್ಲಿ ಕುಳಿತಿದ್ದರೆ, ದೇಶದ ಚಾನ್ಸಲರ್ ಎಲ್ಲರೆದುರು ಮೊಣಕಾಲೂರಿ ಅವರ ಆಶೀರ್ವಾದ ಬೇಡಿ ಮುಂದೆ ಸಾಗುತ್ತಿದ್ದರು.

ಮನೆತನದವರು ಹೇಳಿಕೊಂಡು ಬಂದ ಇನ್ನೊಂದು ಕಥೆಯಿದೆ. ಶ್ರೀಮತಿ ಆಲಿಸ್ ಸಾಕಿದ್ದ ನಾಯಿಮರಿ ತನ್ನದೆಂದು ಭಿಕ್ಷುಕಿಯೊಬ್ಬಳು ದೂರು ತಂದಳಂತೆ. ಮೋರರು ಹಜಾರದ ಮೇಲ್ತುದಿಯಲ್ಲಿ ಪತ್ನಿಯನ್ನೂ ಕೆಳತುದಿಯಲ್ಲಿ ಭಿಕ್ಷುಕಿಯನ್ನೂ ನಿಲ್ಲಿಸಿ, ಇಬ್ಬರೂ ನಾಯಿಯನ್ನು ಕರೆಯುವಂತೆ ಹೇಳಿದರು. ನಾಯಿ ಓಡಿದ್ದು ಭಿಕ್ಷುಕಿಯ ಬಳಿಗೆ. ತೀರ್ಪು ಅವಳ ಪರವಾಯಿತು. ಮೋರರು ಬೆಲೆ ಕೊಟ್ಟು ನಾಯಿಯನ್ನು ಕೊಂಡುಕೊಂಡರು. ಇನ್ನೊಂದು ದಿನ ಮುಂದಿನ ಮೊಕದ್ದಮೆಯನ್ನು ಕರೆಯಿರೆಂದಾಗ, ಇತ್ಯರ್ಥವಾಗದ ಮೊಕದ್ದಮೆ ಒಂದೂ ಉಳಿದಿಲ್ಲವೆಂಬ ಉತ್ತರ ಬಂದಿತೆಂದು ಪ್ರತೀತಿ.

ಈ ಚರಿತ್ರೆಯಲ್ಲಿ ಮುಚ್ಚಿಡಲು ಬಾರದ ಭಾಗವೊಂದಿದೆ. ಮೋರರು ಚಾನ್ಸಲರಾಗಿದ್ದ ಕಾಲದಲ್ಲಿ ಪಾಷಂಡಿಗಳೆಂದು ತೀರ್ಮಾನಿತರಾದ ಆರು ಮಂದಿಯನ್ನು ಇಂಗ್ಲೆಂಡಿನಲ್ಲಿ ಸುಡಲಾಯಿತು. ಅವರಲ್ಲಿ ಮೂವರ ಮೇಲಿನ ಕ್ರಮದಲ್ಲಿ ಮೋರರ ಪಾತ್ರ ನೇರವಾದದ್ದು. ಅದು ಆ ಕಾಲದ ಕಾನೂನಾಗಿತ್ತು, ಮೋರರು ಆ ಕಾನೂನನ್ನು ಮನಃಪೂರ್ವಕವಾಗಿ ಒಪ್ಪಿದ್ದರು. ಕಳ್ಳನ ಕೊರಳಿಗೆ ಹಗ್ಗ ಹಾಕುವುದರ ಅನ್ಯಾಯವನ್ನು ಕಂಡ ಕಣ್ಣಿಗೆ ಇದರ ಅನ್ಯಾಯ ಕಾಣಲಿಲ್ಲ. ಮೋರರನ್ನು ರಾಜಕಾರಣಿಗಳ ಪಾಲಕಸಂತರೆಂದು ೨೦೦೦ದಲ್ಲಿ ಘೋಷಿಸಿದ ಜಗದ್ಗುರು ಎರಡನೆಯ ಜಾನ್ ಪಾಲ್ ಅವರೂ ಈ ವಿಷಯದಲ್ಲಿ ಮೋರರು ತಮ್ಮ ಕಾಲದ ಸಂಸ್ಕೃತಿಯ ಮಿತಿಗೊಳಗಾಗಿದ್ದರೆಂದು ಅದೇ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಸಂತರ ಚರಿತ್ರೆಯನ್ನು ಬರೆಯುವವರು ಇಷ್ಟನ್ನಾದರೂ ಹೇಳಲೇಬೇಕೆಂಬುದು ನಮ್ಮ ಅಭಿಪ್ರಾಯ.

ಚೆಲ್ಸಿಯದ ಧರ್ಮಕೇಂದ್ರಕ್ಕೂ ಮೋರರಿಗೂ ಇದ್ದ ನಂಟು ನಮಗೆ ವಿಶೇಷವಾಗಿ ಹಿಡಿಸಿತು. ಅಲ್ಲಿನ ದೇವಾಲಯದ ದಕ್ಷಿಣ ಪಾರ್ಶ್ವದ ಪ್ರಾರ್ಥನಾಲಯವನ್ನು ೧೫೨೮ರಲ್ಲಿ ಹೊಸದಾಗಿ ಕಟ್ಟಿಸಿದವರು ಅವರು. ಚಾನ್ಸಲರಾದ ಮೇಲೆಯೂ ಬಿಳಿಯ ನಿಲುವಂಗಿ ತೊಟ್ಟು ಗಾಯನವೃಂದದಲ್ಲಿ ನಿಂತು ಹಾಡುತ್ತಿದ್ದರು. ಊಟಕ್ಕೆಂದು ಬಂದ ನಾರ್ಫೋಕಿನ ಡ್ಯೂಕ್ ಇದನ್ನು ಕಂಡು, ಚಾನ್ಸಲರ್ ಊರ ಗುಡಿಯ ಗುಮಾಸ್ತನಾದರೆ ಅರಸನಿಗೆ ಅವಮಾನವಲ್ಲವೇ ಎಂದು ಬೆರಗಾದನು. ತನ್ನ ಒಡೆಯನಾದ ದೇವರನ್ನು ಸೇವಿಸಿದರೆ ಅರಸನು ಮುನಿಯಲಾರನೆಂದು ಮೋರರು ನಗುತ್ತ ಹೇಳಿದರು.

ಆ ವೇಳೆಗೆ ಅರಸನ ಮುನಿಸಿನ ಮೋಡ ಕವಿಯತೊಡಗಿತ್ತು. ರಾಣಿ ಕ್ಯಾಥರೀನಳನ್ನು ತ್ಯಜಿಸಿ ಆ್ಯನ್ ಬೊಲಿನಳನ್ನು ವರಿಸಲು ಹೆನ್ರಿ ನಿಶ್ಚಯಿಸಿದ್ದನು. ಅದಕ್ಕೆ ಜಗದ್ಗುರುಗಳ ಅನುಮತಿ ದೊರೆಯದಾದಾಗ ಇಂಗ್ಲೆಂಡಿನ ಧರ್ಮಸಭೆಗೆ ತಾನೇ ಶಿರಸ್ಸೆನಿಸಿಕೊಳ್ಳಲು ಹೊರಟನು. ೧೫೩೨ರ ಮೇ ೧೫ರಂದು ಅಲ್ಲಿನ ಧರ್ಮಾಧ್ಯಕ್ಷರು ಅರಸನಿಗೆ ಶರಣಾದರು. ಮರುದಿನವೇ ಮೋರರು ಮಹಾಮುದ್ರೆಯನ್ನು ಅರಸನ ಕೈಗೆ ಹಿಂದಿರುಗಿಸಿ ನಿವೃತ್ತರಾದರು.

ಭಾನುವಾರಗಳಲ್ಲಿ ಪೂಜೆ ಮುಗಿದ ಬಳಿಕ ಚಾನ್ಸಲರರ ಪರಿಚಾರಕನೊಬ್ಬನು ಆಲಿಸಳ ಆಸನದ ಬಳಿಗೆ ಬಂದು, ಒಡೆಯರು ಹೊರಟರೆಂದು ತಿಳಿಸುವ ವಾಡಿಕೆಯಿತ್ತು. ನಿವೃತ್ತಿಯ ಬಳಿಕದ ಹಬ್ಬದ ದಿನ ಮೋರರೇ ಟೋಪಿ ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಿ, ಬಾಗಿ, ಒಡೆಯರು ಹೊರಟುಹೋದರೆಂದು ತಾವೇ ಹೇಳಿದರು. ಪರಿಹಾಸವೆಂದು ಬಗೆದ ಆಕೆಗೆ ನಿಜಸ್ಥಿತಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರಿಗೆ ಉಳಿದ ವರಮಾನ ವರ್ಷಕ್ಕೆ ನೂರು ಪೌಂಡಿನ ಆಸುಪಾಸು. ಎಂಟು ಅಂಬಿಗರ ದೋಣಿಯನ್ನು ಅಂಬಿಗರ ಸಮೇತ ಮುಂದಿನ ಚಾನ್ಸಲರ್ ಆಡ್ಲಿಗೆ ಒಪ್ಪಿಸಿದರು; ಸೇವಕರಿಗೆಲ್ಲ ಬೇರೆ ಬೇರೆ ಕಡೆ ಆಶ್ರಯ ಕಲ್ಪಿಸಿದರು. ಬಳಿಕ ಮಕ್ಕಳು ಮೊಮ್ಮಕ್ಕಳನ್ನು ಕೂಡಿಸಿ, ಒಮ್ಮೆಲೇ ಕೆಳಗಿಳಿಯುವುದು ಬೇಡ, ಮೊದಲು ಲಿಂಕನ್ಸ್ ಇನ್ನಿನ ಊಟಕ್ಕೆ ಇಳಿಯೋಣ, ಅದೂ ನಡೆಯದಿದ್ದರೆ ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಗಳ ಊಟಕ್ಕೆ, ಅದೂ ಆಗದಿದ್ದರೆ ಜೋಳಿಗೆ ಹಿಡಿದು ದೇವಮಾತೆಯ ಸ್ತುತಿಗೀತೆ ಹಾಡುತ್ತ ಮನೆಮನೆಗೆ ಭಿಕ್ಷೆಗೆ ಹೋಗೋಣವೆಂದರು. ಸೌದೆಗೆ ಹಣ ಸಾಲದೆ, ಮಲಗುವ ಮುನ್ನ ಒಣಗಿದ ಜರೀಗಿಡವನ್ನು ಒಂದೇ ಕೋಣೆಯಲ್ಲಿ ಉರಿಸಿ ಮನೆಮಂದಿಯೆಲ್ಲ ಮೈ ಕಾಯಿಸಿಕೊಳ್ಳುತ್ತಿದ್ದರಂತೆ. ಧರ್ಮಾಧ್ಯಕ್ಷರು ಸೇರಿ ಸಾವಿರಾರು ಪೌಂಡುಗಳನ್ನು ಕೂಡಿಸಿ ತಂದು ಕೊಟ್ಟರು. ಮೋರರು ಅದನ್ನು ಮುಟ್ಟಲಿಲ್ಲ.

ಪದವಿ ಹೋದವನ ಮೇಲೆ ದೂರುಗಳು ಏಳುವುದು ಎಲ್ಲ ದೇಶಗಳಲ್ಲಿಯೂ ಉಂಟು. ಲಂಚ ತೆಗೆದುಕೊಂಡರೆಂಬ ಆಪಾದನೆ ರಾಜಸಭೆಯ ಮುಂದೆ ಬಂದಿತು. ತನ್ನ ಗಂಡನ ಪರ ತೀರ್ಪು ಸಿಕ್ಕಿದ್ದಕ್ಕೆ ವಾಘನ್ ಎಂಬವನ ಪತ್ನಿ ಚಿನ್ನದ ಲೇಪದ ಬಟ್ಟಲನ್ನು ಕೊಟ್ಟಳು, ಮೋರರು ಪಡೆದರು ಎಂಬುದು ಒಂದು. ಹೌದು, ಪಡೆದೆನೆಂದು ಮೋರರು ಒಪ್ಪಿದಾಗ ವೈರಿಗಳು ಹಿಗ್ಗಿದರು. ಕಥೆ ಮುಗಿದಿಲ್ಲವೆಂದು ಅವರು ಮುಂದುವರಿಸಿದರು: ಆ ಬಟ್ಟಲಿಗೆ ದ್ರಾಕ್ಷಾರಸ ತುಂಬಿಸಿ ಆಕೆಯ ಕ್ಷೇಮಕ್ಕೆಂದು ಕುಡಿದು, ಹೊಸ ವರ್ಷದ ಉಡುಗೊರೆಯಾಗಿ ಅದನ್ನೇ ಅವಳ ಗಂಡನಿಗೆ ಮರಳಿ ಒಯ್ಯುವಂತೆ ಒತ್ತಾಯಿಸಿದ್ದರು. ಆಕೆಯೂ ಇತರರೂ ಅದಕ್ಕೆ ಸಾಕ್ಷಿ ನುಡಿದರು. ಕ್ರೋಕರ್ ಎಂಬ ವಿಧವೆ ಕೈಗವಸುಗಳಲ್ಲಿ ನಲವತ್ತು ಪೌಂಡು ಚಿನ್ನವಿಟ್ಟು ತಂದಾಗ ಕೈಗವಸುಗಳನ್ನು ಮಾತ್ರ ಸ್ವೀಕರಿಸಿ ಚಿನ್ನವನ್ನು ಹಿಂದಿರುಗಿಸಿದ ಸಂಗತಿಯೂ ಇಂಥದೇ.

೧೫೩೪ರ ಏಪ್ರಿಲ್ ೧೩ರಂದು ಲ್ಯಾಂಬೆತ್ ಅರಮನೆಯಲ್ಲಿ ಹೊಸ ಪ್ರಮಾಣವಚನವನ್ನು ಅವರ ಮುಂದಿಟ್ಟರು. ಅವರು ಬಾಲ್ಯದಲ್ಲಿ ಊಳಿಗ ಮಾಡಿದ್ದ ಅರಮನೆಯದು. ಸಿಂಹಾಸನದ ಉತ್ತರಾಧಿಕಾರವನ್ನು ಪಾರ್ಲಿಮೆಂಟು ನಿರ್ಣಯಿಸಬಹುದೆಂದು ಮೋರರು ಒಪ್ಪಿದರು. ಜಗದ್ಗುರುಗಳ ಅಧಿಕಾರವನ್ನು ತಿರಸ್ಕರಿಸುವ ಮಾತುಗಳನ್ನು ಒಳಗೊಂಡ ಆ ಪ್ರಮಾಣವನ್ನು ಮಾಡಲು ಒಪ್ಪಲಿಲ್ಲ. ಏಕೆಂಬುದನ್ನೂ ಹೇಳಲಿಲ್ಲ, ಪ್ರಮಾಣ ಮಾಡಿದವರನ್ನು ಹಳಿಯಲೂ ಇಲ್ಲ. ನಾಲ್ಕು ದಿನಗಳಲ್ಲಿ ಅವರು ಲಂಡನ್ ಟವರಿನ ಸೆರೆಯಲ್ಲಿದ್ದರು. ಸೆರೆಯ ಊಟದ ಖರ್ಚನ್ನು ತೆರಲು ಆಲಿಸ್ ತನ್ನ ಉಡುಪುಗಳನ್ನು ಮಾರಬೇಕಾಯಿತು. ಪುಸ್ತಕ, ಕಾಗದಗಳನ್ನು ಕಸಿದುಕೊಂಡ ಬಳಿಕ ಮೋರರು ಇದ್ದಿಲಿನ ಚೂರಿನಿಂದ ಮಗಳಿಗೆ ಬರೆದರು.

ವಿಚಾರಣೆ ನಡೆದದ್ದು ೧೫೩೫ರ ಜುಲೈ ಒಂದರಂದು, ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ. ತಂದೆಗೆ ಮೊಣಕಾಲೂರಿದ, ತಾವೇ ತೀರ್ಪು ನೀಡುತ್ತಿದ್ದ ಆ ಸಭಾಂಗಣಕ್ಕೆ ಅವರು ಕೋಲೂರಿಕೊಂಡು ಬಂದರು. ನಿಶ್ಶಕ್ತಿಯಿಂದ ನಿಲ್ಲಲಾರದವರಿಗೆ ಕುರ್ಚಿ ಕೊಡಲಾಯಿತು. ಪೀಠದಲ್ಲಿ ಆಡ್ಲಿಯೊಡನೆ ಆ್ಯನ್ ಬೊಲಿನಳ ತಂದೆ, ಸೋದರ, ಸೋದರಮಾವ ಕುಳಿತಿದ್ದರು. ಮೋರರ ವಾದ ಪಕ್ವ ನ್ಯಾಯವಾದಿಯದು. ಕಾನೂನು ಶಿಕ್ಷಿಸುವುದು ದುರುದ್ದೇಶದಿಂದ ಆಡಿದ ಮಾತನ್ನು. ತಾನು ಮಾತನ್ನೇ ಆಡಿಲ್ಲ. ಮೌನವನ್ನು ಕಾನೂನು ಸಮ್ಮತಿಯೆಂದು ತಿಳಿಯುವುದೇ ಹೊರತು ನಿರಾಕರಣೆಯೆಂದಲ್ಲ. ಆಗ ರಿಚರ್ಡ್ ರಿಚ್ ಎಂಬ ರಾಜವಕೀಲನು ಸೆರೆಮನೆಯಲ್ಲಿ ತನ್ನೆದುರು ಮೋರರು ಅರಸನ ಧರ್ಮಾಧಿಪತ್ಯವನ್ನು ನಿರಾಕರಿಸಿದರೆಂದು ಸಾಕ್ಷಿ ಹೇಳಿದನು. ಇಷ್ಟು ದಿನ ಅರಸನಿಗೂ ಅವನ ಸಲಹೆಗಾರರಿಗೂ ಬಿಚ್ಚದ ಮನಸ್ಸನ್ನು ಇಂಥವನೆದುರು ಬಿಚ್ಚುತ್ತಿದ್ದೆನೇ ಎಂದು ಮೋರರು ಕೇಳಿದರು. ಅದೇ ಕೋಣೆಯಲ್ಲಿದ್ದ ಇಬ್ಬರನ್ನು ಕರೆದಾಗ, ಪುಸ್ತಕಗಳನ್ನು ಚೀಲಕ್ಕೆ ತುಂಬುವ ಗಡಿಬಿಡಿಯಲ್ಲಿ ಮಾತು ಕಿವಿಗೆ ಬೀಳಲಿಲ್ಲವೆಂದು ಅವರು ನುಣುಚಿಕೊಂಡರು. ಜ್ಯೂರಿಗೆ ಕಾಲು ಗಂಟೆ ಸಾಕಾಯಿತು. ಅಪರಾಧಿಯೆಂದು ಬಂದು ಹೇಳಿದರು.

ಆಡ್ಲಿ ಒಡನೆಯೇ ಶಿಕ್ಷೆಯನ್ನು ಓದತೊಡಗಿದನು. ಆಗ ಮೋರರು ತಡೆದು, ತಾನು ನ್ಯಾಯಪೀಠದಲ್ಲಿದ್ದಾಗ ಶಿಕ್ಷೆ ವಿಧಿಸುವ ಮುನ್ನ ಆರೋಪಿಗೆ ಹೇಳುವುದೇನಾದರೂ ಇದೆಯೇ ಎಂದು ಕೇಳುವ ಪದ್ಧತಿಯಿತ್ತೆಂದು ನೆನಪಿಸಿದರು. ಆಡ್ಲಿ ಓದುವುದನ್ನು ನಿಲ್ಲಿಸಬೇಕಾಯಿತು. ಮೌನದಿಂದ ಇನ್ನು ಪ್ರಯೋಜನವಿಲ್ಲವಾದುದರಿಂದ ಮೋರರು ಆಗ ಮನಸ್ಸನ್ನು ಬಿಚ್ಚಿದರು: ಲಂಡನ್ ನಗರವೊಂದೇ ದೇಶದ ಕಾನೂನಿಗೆ ವಿರುದ್ಧವಾದ ಕಾನೂನನ್ನು ಮಾಡಲಾರದಂತೆ, ಒಂದು ದೇಶವು ವಿಶ್ವಧರ್ಮಸಭೆಗೆ ವಿರುದ್ಧವಾದ ಕಾನೂನನ್ನು ಮಾಡಲಾರದು. ಆಡ್ಲಿ ಪಕ್ಕದ ಮುಖ್ಯ ನ್ಯಾಯಾಧೀಶರ ಕಡೆ ತಿರುಗಿ ಆರೋಪಪತ್ರ ಸಮರ್ಪಕವೇ ಎಂದು ಕೇಳಿದಾಗ, ಪಾರ್ಲಿಮೆಂಟಿನ ಶಾಸನವು ನ್ಯಾಯಬಾಹಿರವಲ್ಲವಾದರೆ ಆರೋಪಪತ್ರವೂ ಅಸಮರ್ಪಕವಲ್ಲವೆಂಬ ಸುತ್ತುಮಾತು ಬಂದಿತು. ಶಿಕ್ಷೆ ಕೇಳಿದ ಮೇಲೆ ಮೋರರು ನ್ಯಾಯಾಧೀಶರಿಗೆ ಹೇಳಿದ್ದಿಷ್ಟೇ: ಸಂತ ಸ್ತೆಫನರ ಕೊಲೆಗೆ ಸಮ್ಮತಿಸಿದ ಪೌಲರು ಈಗ ಸ್ತೆಫನರೊಡನೆ ಸ್ವರ್ಗದಲ್ಲಿ ಮಿತ್ರರಾಗಿರುವಂತೆ, ತಾವೂ ಅವರೂ ಅಲ್ಲಿ ಸಂತೋಷದಿಂದ ಸೇರುವಂತಾಗಲಿ.

ಟವರಿನ ಕಟ್ಟೆಯ ಬಳಿ ಮಾರ್ಗರೆಟ್ ಕಾವಲುಗಾರರ ನಡುವೆ ನುಗ್ಗಿ ತಂದೆಯನ್ನು ಅಪ್ಪಿಕೊಂಡಳು. ಬಿಟ್ಟು ಹೋದವಳು ತಾಳಲಾರದೆ ಮತ್ತೊಮ್ಮೆ ಓಡಿಬಂದಳು. ಜುಲೈ ೬ರ ಮುಂಜಾನೆ ಟವರ್ ಗುಡ್ಡದ ಮೇಲೆ ಮೋರರ ಶಿರಚ್ಛೇದವಾಯಿತು. ಕೊನೆಗೆ ಹೆಚ್ಚು ಮಾತನಾಡಬಾರದೆಂದು ಅರಸನು ಹೇಳಿಕಳುಹಿಸಿದ್ದನು. ಅದನ್ನೂ ಮೋರರು ಪಾಲಿಸಿದರು.

ಧನ್ಯಪದವಿ ೧೮೮೬ರಲ್ಲಿ, ಸಂತಪದವಿ ೧೯೩೫ರ ಮೇ ೧೯ರಂದು ಜಗದ್ಗುರು ಹನ್ನೊಂದನೆಯ ಪಿಯೂಸರಿಂದ ದೊರೆತವು. ದೇಹವನ್ನು ಟವರಿನೊಳಗಿನ ಪ್ರಾರ್ಥನಾಲಯದಲ್ಲಿ ಹೂಳಲಾಗಿತ್ತು; ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಚುಚ್ಚಿದ್ದ ಶಿರಸ್ಸನ್ನು ಮಾರ್ಗರೆಟ್ ಪಡೆದು ಜೋಪಾನ ಮಾಡಿದಳು. ಅದು ಕ್ಯಾಂಟರ್ಬರಿಯ ಸಂತ ಡನ್‌ಸ್ಟನರ ದೇವಾಲಯದಲ್ಲಿ ರೋಪರ್ ಮನೆತನದ ಸಮಾಧಿಯಲ್ಲಿದೆ. ಚೆಲ್ಸಿಯದ ದೇವಾಲಯ ಈಗ ಆಂಗ್ಲಿಕನರದು. ೧೯೪೧ರ ಏಪ್ರಿಲಿನಲ್ಲಿ ಜರ್ಮನರ ಬಾಂಬಿಗೆ ಸಿಕ್ಕಿ ಅದರ ಬಹುಭಾಗ ನೆಲಸಮವಾದಾಗ, ಮೋರರು ಕಟ್ಟಿಸಿದ ಪ್ರಾರ್ಥನಾಲಯ ಉಳಿದುಕೊಂಡಿತು. ನಿವೃತ್ತರಾದ ವರ್ಷ ಅವರು ತಮಗಾಗಿ ಅಲ್ಲಿ ಸಿದ್ಧಪಡಿಸಿದ್ದ ಸಮಾಧಿಯ ಬಳಿ ಮೊದಲ ಪತ್ನಿ ಜೇನಳನ್ನು ಹೂಳಲಾಗಿದೆ.